ಸೌದೆ ರಾಶಿಯ ಉಣ್ಣಿ

ನವೆಂಬರ್ 24, ಸೋಮವಾರ

ನಾಲಿಗೆ: ಬಿಳಿ, ಅಂಚಿನಲ್ಲಿ ನಸುಗೆಂಪು. ನಾಡಿ: ಇದೆ. ಹೊಟ್ಟೆ: ಅನುಮಾನಾಸ್ಪದ. ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು. ಅದು ಫ್ರಿಜ್ಜಿನ ಸದ್ದು ಎಂದು ಅಕ್ಕ ನೋಲಾ ಹೇಳಿದಳು. ಪರೀಕ್ಷೆಗೆಂದು ಫ್ರಿಜ್ಜು ಆರಿಸಿ ನೋಡಿದೆ, ಸದ್ದು ನಿಂತಿತು. ಹಾಗೆಂದು ಕಿವಿಯನ್ನು ಪೂರ್ತಿ ನಂಬಲಾಗದು.

ಏರ್‌ಸ್ಟ್ರಿಪ್ಪಿನಲ್ಲಿ ಇವತ್ತು ದೊಡ್ಡ ರಂಪ. ನಮ್ಮ ವಿಮಾನ ಎಷ್ಟು ಪುಟ್ಟದೆಂದರೆ ಹತ್ತುವ ಪ್ರತಿಯೊಬ್ಬರನ್ನೂ ಅವರ ಚೀಲದ ಸಮೇತ ತೂಗಲೇಬೇಕು. ತೂಗುವವನು ನಾನು. ಫ್ಲಿಂಡರ್ಸ್ ದ್ವೀಪದಲ್ಲಿ ಐವರ್ ಟಾಬಿನ್ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ತೂಕದ ಐವರ್ ಎಂದರೆ ಕುರಿಗಳಿಗೂ ಗೊತ್ತು. ಇಲ್ಲಿಯವರೆಗೆ ಯಾರ ತೂಕವನ್ನೂ ಯಾರಿಗೂ ಹೇಳಿದವನಲ್ಲ. ಪಾದ್ರಿಗಳದ್ದನ್ನು ನೋಲಾ ಎಷ್ಟು ಸಲ ಕೇಳಿದ್ದಾಳೆ! ಬಾಯಿ ಬಿಟ್ಟಿಲ್ಲ.

ಇವತ್ತು ಗ್ವೆಂಡಾ ರಸ್ಕ್ ಎಂಬ ಹೆಂಗಸು ಸಮುದ್ರದಾಚೆಯ ಲಾನ್ಸೆಸ್ಟನ್ ಪಟ್ಟಣಕ್ಕೆ ಹೊರಟು ಬಂದಳು. ಮೊಮ್ಮಗಳ ಹುಟ್ಟುಹಬ್ಬವಂತೆ. ಕೈಯಲ್ಲಿ ತಿನ್ನಲು ಉಪ್ಪುನೀರಿನಲ್ಲಿ ನೆನೆಸಿಟ್ಟ ಮಟನ್‌ಬರ್ಡ್ ಎಂಬ ಕಡಲಹಕ್ಕಿಗಳ ಬಕೆಟ್ಟು.

"ತಕ್ಕಡಿ ಹತ್ತಿ," ಎಂದೆ.

"ಹತ್ತಲ್ಲ."

"ಎಲ್ರೂ ಹತ್ಲೇಬೇಕು ರೀ. ರೂಲ್ಸು."

"ನಾನೇನ್ ಕುರೀನಾ ತೂಗೋಕೆ? ಅಂದಾಜಲ್ಲಿ ಬರ್ಕೋ."

ಹಿಂದೆ ಸಾಲಿನಲ್ಲಿದ್ದವರು ಕಿಸಿಕಿಸಿ ನಗುತ್ತಿದ್ದರು. ನಾನು ಬುದ್ಧಿಗೆಟ್ಟು ಅಂದಾಜಿನಲ್ಲಿ ಬರೆದೆ. ಅವಳು ಬಗ್ಗಿ ನೋಡಿದಳು. ಆ ಸಂಖ್ಯೆಯನ್ನು ಇಲ್ಲಿಯೂ ಬರೆಯುವುದಿಲ್ಲ, ವೃತ್ತಿಧರ್ಮ.

"ಏನಯ್ಯಾ ಇದು? ನಂದಾ ಇಲ್ಲ ವಿಮಾನದ್ದಾ?"

"ಒಪ್ಪಿಗೆ ಇಲ್ದಿದ್ರೆ ತಕ್ಕಡಿ ಹತ್ತಿ."

"ಮೊದ್ಲು ಅದನ್ನ ಅಳಿಸು."

"ತೂಗ್ದೆ ಅಳಿಸೋ ಹಾಗಿಲ್ಲ."

ನಾವಿಬ್ಬರೂ ಹೀಗೆ ತತ್ವಕ್ಕೆ ಅಂಟಿಕೊಂಡಿರುವಾಗ ಪೈಲಟ್ ಟ್ರೆಂಟ್ ಗಡಿಯಾರ ನೋಡಿ, ಉಳಿದವರನ್ನು ಕೂರಿಸಿಕೊಂಡು ಹಾರಿಯೇಬಿಟ್ಟ. ಗ್ವೆಂಡಾ ರಸ್ಕ್ ಆಕಾಶ ನೋಡಿದಳು, ನನ್ನನ್ನು ನೋಡಿದಳು, ಬಕೆಟ್ಟಿನ ಉಪ್ಪುನೀರನ್ನು ನನ್ನ ಬೂಟಿಗೆ ಸುರಿದಳು. ಹಕ್ಕಿಗಳನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಳು.

ಪಾದ ತಣ್ಣಗಾಗಿದೆ. ನ್ಯುಮೋನಿಯಾ ಕಾಲಿನಿಂದ ಶುರುವಾಗುತ್ತದೆಯೇ ಎಂದು ನೋಡಬೇಕು.

ನವೆಂಬರ್ 26, ಬುಧವಾರ

ಕಾಲಿನಿಂದ ಶುರುವಾಗುವುದಿಲ್ಲ. ಅಪ್ಪನ ಕಾಲದ ದಪ್ಪ ವೈದ್ಯಪುಸ್ತಕದಲ್ಲಿ ನೋಡಿದೆ. ಆ ಪುಸ್ತಕದ ಕೊನೆಯ ಭಾಗವನ್ನು ಇಲಿಗಳು ತಿಂದುಹಾಕಿವೆ. ಹಾಗಾಗಿ ಆ ಭಾಗದ ಕಾಯಿಲೆಗಳು ಇದುವರೆಗೆ ನನಗೆ ಬಂದಿಲ್ಲ.

ಮೇಲಧಿಕಾರಿ ಫೋನು ಮಾಡಿದ. "ಆ ಯಮ್ಮನ ಹತ್ರ ಹೋಗಿ ಸಾರಿ ಕೇಳ್ಕೊಂಡ್ ಬಾ. ಇಲ್ಲಾಂದ್ರೆ ತಕ್ಕಡಿ ಪಕ್ಕ ಬೇರೆ ಯಾರನ್ನಾದ್ರೂ ನಿಲ್ಲಿಸ್ತೀನಿ." ನಾಲಿಗೆ ಬೂದು ಬಣ್ಣಕ್ಕೆ ತಿರುಗಿದೆ.

ನವೆಂಬರ್ 29, ಶನಿವಾರ

ಕೊಲ್ಲಿಯ ದಂಡೆಯಲ್ಲಿ ಗ್ವೆಂಡಾ ರಸ್ಕ್‌ಳ ಮನೆ. ಅಲ್ಲಿ ಅವಳಿದ್ದಾಳೆ, ಬಿಷಪ್ ಎಂಬ ನಾಯಿಯಿದೆ. ನಾಯಿ ನನ್ನ ಪ್ಯಾಂಟಿನ ಹಿಂಭಾಗವನ್ನು ಹಿಡಿದುಕೊಂಡೇ ಜಗುಲಿಯವರೆಗೆ ಬಿಟ್ಟುಹೋಯಿತು.

ಸಾರಿ ಎಂದೆ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದೆ, ಚೆನ್ನಾಗಿಯೇ ಬಂತು.

"ಬಾಯಲ್ಲಿ ಹೇಳೋ ಸಾರಿ ನಂಗ್ಯಾಕೆ?" ಎಂದಳು. "ಅಲ್ನೋಡು ಸೌದೆ ರಾಶಿ. ಎರಡು ಚಳಿಗಾಲದಿಂದ ಅಲ್ಲೇ ಕೊಳೀತಾ ಇದೆ. ಶೆಡ್ಡಿಗೆ ಸಾಗ್ಸು. ಆಮೇಲೆ ನಿನ್ನ ಸಾರಿ ಬಗ್ಗೆ ಯೋಚ್ನೆ ಮಾಡ್ತೀನಿ."

ನನ್ನ ಬೆನ್ನುಹುರಿಯ ವಿಚಾರ ಹೇಳಿದೆ. ಹರ್ನಿಯಾ ಆಗುವ ಸಂಭವದ ಬಗ್ಗೆಯೂ, ಗುಲ್ಮ ಊದಿಕೊಂಡಿರಬಹುದಾದ ಬಗ್ಗೆಯೂ ಹೇಳಿದೆ.

"ಗುಲ್ಮ ಯಾವ ಕಡೆ ಇರುತ್ತೆ?"

ತೋರಿಸಿದೆ.

"ಅದು ಪಿತ್ತಕೋಶ. ಸೌದೆ ಆ ಕಡೆ ಇದೆ."

ಹೊತ್ತೆ. ಅವಳೂ ಹೊತ್ತಳು, ನನಗಿಂತ ಹೆಚ್ಚೇ ಹೊತ್ತಳು ಎಂದು ಬರೆಯಬೇಕಾಗಿರುವುದು ವಿಷಾದದ ಸಂಗತಿ. ದಿಮ್ಮಿಗಳ ಅಡಿಯಲ್ಲಿ ಒಂದು ದಪ್ಪ ನೀಲಿನಾಲಿಗೆ ಹಲ್ಲಿ ಮಲಗಿತ್ತು, ನನ್ನ ಮುಂಗೈಯಷ್ಟು ಉದ್ದ. ಬಾಯಿ ತೆರೆದು ನನ್ನತ್ತ ಹಿಸ್ ಎಂದಿತು. ಅದರ ನಾಲಿಗೆ: ಕಡು ನೀಲಿ. ನನ್ನದು ಎಂದಾದರೂ ಆ ಬಣ್ಣಕ್ಕೆ ತಿರುಗಿದರೆ ಡಾಕ್ಟರನ್ನಲ್ಲ, ನೇರವಾಗಿ ಪಾದ್ರಿಗಳನ್ನು ಕರೆಯಬೇಕು. ಗ್ವೆಂಡಾ ರಸ್ಕ್ ಅದನ್ನು ಮಗುವಿನಂತೆ ಎತ್ತಿಕೊಂಡು ಬೇಲಿಯ ಬುಡಕ್ಕೆ ಬಿಟ್ಟಳು. ಹಲ್ಲಿಯ ಕಿವಿಯ ತೂತಿನ ಸುತ್ತ ಬೂದು ಮಣಿ ಪೋಣಿಸಿದ ಹಾಗೆ ಉಣ್ಣಿಗಳು ಕಚ್ಚಿಕೊಂಡಿದ್ದವು.

"ಒಡವೆ ಹಾಕ್ಕೊಂಡಿದಾಳೆ ನಮ್ಮ ರಾಣಿ," ಎಂದಳು.

ಮಧ್ಯಾಹ್ನ ಹುಲ್ಲಿನ ಮೇಲೆ ಕೂರಿಸಿ ವಾಲಬಿ ಎಂಬ ಕಿರುಕಾಂಗರೂವಿನ ಮಾಂಸದ ಪೈ ಕೊಟ್ಟಳು. ಕೊಬ್ಬು ಜಾಸ್ತಿ, ಮೆಣಸು ಜಾಸ್ತಿ, ನನ್ನ ಹೊಟ್ಟೆಗೆ ಸಂಪೂರ್ಣ ನಿಷಿದ್ಧ. ಎರಡು ಸಲ ಹಾಕಿಸಿಕೊಂಡೆ. ರಾಶಿ ಇನ್ನೂ ಅರ್ಧ ಉಳಿದಿದೆ.

ಡಿಸೆಂಬರ್ 2, ಮಂಗಳವಾರ

ಡಾಕ್ಟರ್ ಹಾರ್ಕಿನ್ ಅವರ ಭೇಟಿ. ನನಗೆ ಮಂಗಳವಾರ ಮಾತ್ರ ಬರಬೇಕೆಂದು ಅವರು ಕಟ್ಟಪ್ಪಣೆ ಮಾಡಿದ್ದಾರೆ. ಒಂದು ಸಲಕ್ಕೆ ಮೂರು ಕಾಯಿಲೆಗಿಂತ ಹೆಚ್ಚು ತರುವಂತಿಲ್ಲ. ಕಿವಿ, ಗುಲ್ಮ, ಪಾದ ತೆಗೆದುಕೊಂಡು ಹೋದೆ.

"ಐವರ್, ಗಟ್ಟಿಮುಟ್ಟಾಗಿ ಕುದುರೆ ತರ ಇದೀರ ನೀವು," ಎಂದರು.

"ಕುದುರೆಗೂ ಕಾಯಿಲೆ ಬರುತ್ತಲ್ವಾ ಡಾಕ್ಟ್ರೇ?"

"ಬಂದ್ರೆ ಅದು ಸುಮ್ನೆ ಮಲಗುತ್ತೆ. ವಾರವಾರ ಬಂದು ನನ್ನ ಕುರ್ಚೀಲಿ ಕೂರಲ್ಲ."

ಗ್ವೆಂಡಾ ರಸ್ಕ್ ಹೇಗೆ ಎಂದು ವಿಚಾರಿಸಿದೆ. ಡಾಕ್ಟರು ತಮ್ಮ ಸ್ಕರ್ಟಿನ ಅಂಚು ತೋರಿಸಿದರು. ಹೊಲಿಗೆ ಹಾಕಿತ್ತು. "ಹೋದ ವರ್ಷ ಬಿಪಿ ನೋಡ್ತೀನಿ ಅಂತ ಹೋಗಿದ್ದೆ. ಬಿಷಪ್‌ನ ಬಿಟ್ಲು."

ಡಿಸೆಂಬರ್ 6, ಶನಿವಾರ

ಉಳಿದ ಅರ್ಧ ರಾಶಿ ಮುಗಿಸಿದೆ. ಯಾರೂ ಕರೆದಿರಲಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸ ಜೀರ್ಣಶಕ್ತಿಗೆ ಒಳ್ಳೆಯದಲ್ಲ ಎಂದು ಎಲ್ಲೋ ಓದಿದ ನೆನಪು.

ನನ್ನ ಸಾರಿಯನ್ನು ಒಪ್ಪಿಕೊಂಡಿದ್ದಾಳಂತೆ. ಆದರೆ ಆ ಸಂಖ್ಯೆಯನ್ನು ಸಾಯುವವರೆಗೆ ಕ್ಷಮಿಸುವುದಿಲ್ಲವಂತೆ. ಇದನ್ನು ಹೇಳುವಾಗ ಅವಳಿಗೇ ನಗು ತಡೆಯಲಾಗಲಿಲ್ಲ. ಅವಳು ನಕ್ಕರೆ ಕೊಲ್ಲಿಯ ಆ ದಡದ ಹಂಸಗಳು ಹಾರಿಹೋಗುತ್ತವೆ.

ನಾಲಿಗೆ ನೋಡಿಕೊಳ್ಳುವುದು ಮರೆತೆ. ನಾಳೆ ಎರಡು ಸಲ ನೋಡಬೇಕು.

ಡಿಸೆಂಬರ್ 11, ಗುರುವಾರ

ವಿಮಾನದಲ್ಲಿ ಗ್ವೆಂಡಾಳ ಮಗಳು ರೇಲೀನ್ ಒಂದು ಪಾರ್ಸೆಲ್ ಕಳಿಸಿದ್ದಳು. ಅಂಚೆಯವರು ನಾಳೆ ಒಯ್ಯುತ್ತಿದ್ದರು. ಇರಲಿ ಎಂದು ನಾನೇ ಒಯ್ದೆ.

ಬಿಷಪ್ ಬೊಗಳಲಿಲ್ಲ. ಅದೇ ಮೊದಲ ಅಪಶಕುನ. ಗ್ವೆಂಡಾ ಅಡುಗೆಮನೆಯ ಬೆಂಚಿನ ಮೇಲೆ ಮಲಗಿದ್ದಳು, ಹಣೆಯ ಮೇಲೆ ಒದ್ದೆ ಬಟ್ಟೆ. ಮುಟ್ಟಿ ನೋಡಿದೆ. ಒಲೆಯ ಮೇಲಿಂದ ಇಳಿಸಿದ ಕೆಟಲ್ ಹಾಗಿದ್ದಳು.

"ಬಿಸಿಲಿಗೆ," ಎಂದಳು.

"ಎರಡು ದಿನದಿಂದ ಮೋಡ ಇದೆ ಗ್ವೆಂಡಾ."

"ಹಂಗಾದ್ರೆ ಮೋಡಕ್ಕೆ."

ಮೈಯೆಲ್ಲ ನೋವಂತೆ, ತಲೆ ಸೀಳಿದ ಹಾಗೆ ನೋವಂತೆ. ಮದ್ದು ಏನು ಮಾಡಿದೆ ಎಂದರೆ ಮಟನ್‌ಬರ್ಡ್ ಎಣ್ಣೆಯ ಬಾಟಲಿ ತೋರಿಸಿದಳು. ಅರ್ಧ ಹಚ್ಚಿಕೊಂಡಿದ್ದಳು, ಅರ್ಧ ಕುಡಿದಿದ್ದಳು. ಅದರ ನಾತಕ್ಕೆ ಮನೆಯ ನೊಣಗಳೆಲ್ಲ ಕಿಟಕಿಯ ಹತ್ತಿರ ಉಸಿರಿಗೆ ಕಾದು ಕೂತಿದ್ದವು.

ಡಾಕ್ಟರನ್ನು ಕರೆಯುತ್ತೇನೆ ಎಂದೆ. ಎದ್ದು ಕೂತು ನನ್ನ ಕಾಲರ್ ಹಿಡಿದಳು.

"ಕರೆದ್ರೆ ನಿನ್ನ ಕಾಲ್ ಮುರೀತೀನಿ. ಡಾಕ್ಟ್ರು ಅಂದ್ರೆ ಪ್ಲೇನು. ಗಟ್ಟಿಯಾಗಿ ಹೋದೋರು ವಾಪಸ್ ಬರ್ತಾರೆ. ಕಾಯಿಲೆ ಇಟ್ಕೊಂಡು ಹತ್ತಿದೋರು ಬರಲ್ಲ. ನಮ್ಮ ಕೆಲ್ವಿನ್ ಬಂದಿದ್ದು ಪೆಟ್ಟಿಗೇಲಿ. ಯಾರ್ಗೂ ಹೇಳಲ್ಲ ಅಂತ ಮಾತ್ ಕೊಡು."

ಕೊಟ್ಟೆ. ಕಾಲರ್ ಅವಳ ಕೈಯಲ್ಲಿತ್ತು.

ಕೆಲ್ವಿನ್ ಅವಳ ಗಂಡ. ಆ ಪೆಟ್ಟಿಗೆಯನ್ನು ವಿಮಾನದಿಂದ ಇಳಿಸಿಕೊಂಡವನು ನಾನೇ. ಅವಳಿಗೆ ಅದು ನೆನಪಿದೆಯೋ ಇಲ್ಲವೋ, ಕೇಳಲಿಲ್ಲ.

ಡಿಸೆಂಬರ್ 12, ಶುಕ್ರವಾರ

ಗ್ವೆಂಡಾಳ ತೋಳಿನ ಮೇಲೆ ಕೆಂಪು ಚುಕ್ಕೆಗಳೆದ್ದಿವೆ. ಕೆಲಸ ಮುಗಿಸಿ, ಅವಳನ್ನು ನೋಡಿ ಬಂದವನೇ ವೈದ್ಯಪುಸ್ತಕ ಹಿಡಿದು ಕೂತೆ. ದಡಾರವಿರಬಹುದು. ಕೆಂಪುಜ್ವರವಿರಬಹುದು. ಒಂದು ಕ್ಷಣ ಪ್ಲೇಗ್ ಎಂದೇ ತೀರ್ಮಾನಿಸಿ ನೀರು ಕುಡಿದೆ. ಮುಂದಿನ ಕಾಯಿಲೆಗಳಿಗೆ ಬಂದರೆ ಇಲಿಗಳ ಹಲ್ಲಿನ ಗುರುತು.

"ಮೈಮೇಲೆ ಚುಕ್ಕೆ, ತಲೆನೋವು, ಸುಡೋ ಜ್ವರ, ಏನಿರಬಹುದು?" ಎಂದು ನೋಲಾಳನ್ನು ಕೇಳಿದೆ.

"ಯಾರಿಗೆ?"

"ಒಬ್ರು ಪರಿಚಯದೋರಿಗೆ."

"ಆ ಪರಿಚಯದೋರು ಈ ಮನೇಲೇ ಇರೋದು, ಸೌತೆಕಾಯಿ ತಿಂದ್ರೆ ಹಾರ್ಟ್ ಅಟ್ಯಾಕ್ ಅನ್ನೋದು," ಎಂದು ಟಿವಿ ಜೋರು ಮಾಡಿದಳು.

ಗ್ವೆಂಡಾಳ ಮನೆಯ ಎಣ್ಣೆಯ ಘಾಟಿಗೆ ನನಗೂ ತಲೆ ಭಾರ. ಊಟ ಸೇರಲಿಲ್ಲ.

ಡಿಸೆಂಬರ್ 13, ಶನಿವಾರ

ದಿನವಿಡೀ ಅಲ್ಲಿದ್ದೆ. ಸೂಪ್ ಮಾಡಿದೆ. ಬಿಷಪ್‌ಗೆ ಹಾಕಿದೆ, ಅವನು ಮೂಸಿ ನೋಡಿ ನನ್ನ ಮುಖ ನೋಡಿದ. ಗ್ವೆಂಡಾ ಎರಡು ಚಮಚ ಕುಡಿದು, "ಇದನ್ನ ಕುಡಿದು ಸಾಯೋದಕ್ಕಿಂತ ಜ್ವರಾನೇ ವಾಸಿ," ಎಂದಳು. ಅಷ್ಟು ಮಾತಾಡಿದಳಲ್ಲ ಎಂದು ಸಮಾಧಾನವಾಯಿತು.

ಮಧ್ಯಾಹ್ನ ಜ್ವರ ಏರಿ ಏನೇನೋ ಬಡಬಡಿಸಿದಳು. ಪಾದ್ರಿಗಳು ತಕ್ಕಡಿಯ ಮೇಲೆ ನಿಂತಿದ್ದಾರೆ, ಇಳಿಯಲು ಹೇಳು ಎಂದಳು. ಇಳಿದರು ಎಂದೆ. "ಎಷ್ಟಿದ್ರು?" ಎಂದಳು. ಇಂಥ ಹೊತ್ತಿನಲ್ಲಿ ಏನು ಮಾಡುವುದು, ಕಿವಿಯಲ್ಲಿ ಹೇಳಿಬಿಟ್ಟೆ. ಕಣ್ಣು ಮುಚ್ಚಿಕೊಂಡೇ ನಕ್ಕಳು.

ಅವಳ ಅಡುಗೆಮನೆ ವಿಪರೀತ ಸೆಕೆ, ಅಂಗಿ ತೊಯ್ದುಹೋಯಿತು. ಆಮೇಲೆ ಕೊಲ್ಲಿಯ ಗಾಳಿ ಬೀಸಿ ಹಲ್ಲು ಕಟಕಟ ಎಂದಿತು. ಆ ಮನೆಯ ಕಿಟಕಿಗಳನ್ನು ಒಮ್ಮೆ ನೋಡಬೇಕು, ಸಂದಿ ಬಿದ್ದಿರಬೇಕು.

ಡಿಸೆಂಬರ್ 14, ಭಾನುವಾರ

ಮಾತು ಕೊಟ್ಟಿದ್ದು ಅವಳ ಹೆಸರು ಹೇಳುವುದಿಲ್ಲವೆಂದು; ಫೋನು ಮಾಡುವುದಿಲ್ಲವೆಂದಲ್ಲ. ಡಾಕ್ಟರಿಗೆ ಫೋನು ಮಾಡಿದೆ.

"ಡಾಕ್ಟ್ರೇ, ನನ್ನ ಸ್ನೇಹಿತರೊಬ್ರಿಗೆ..."

"ಐವರ್, ಇವತ್ತು ಭಾನುವಾರ."

"ಚುಕ್ಕೆ ಎದ್ದಿದೆ ಡಾಕ್ಟ್ರೇ, ನೀರು ಕೂಡ ಸೇರ್ತಿಲ್ಲ..."

"ಆ ಸ್ನೇಹಿತರು ಮಂಗಳವಾರ ನಿಮ್ಮದೇ ಟೈಮಿಗೆ, ನಿಮ್ಮದೇ ಅಂಗಿ ಹಾಕ್ಕೊಂಡು ಬರ್ಲಿ. ನಿಜವಾಗ್ಲೂ ಎಮರ್ಜೆನ್ಸಿ ಆದ್ರೆ ಆಂಬುಲೆನ್ಸಿಗೆ ಹೇಳಿ."

ಬೇಸರದ ದನಿಯಲ್ಲ, ನಗುತ್ತಲೇ ಹೇಳಿದರು. ಅವರದೇನು ತಪ್ಪು? ಹೋದ ವರ್ಷ ಇದೇ ದನಿಯಲ್ಲಿ ಇದೇ ನಾನು ಕರುಳು ಗಂಟುಬಿದ್ದಿದೆ ಎಂದು ಫೋನು ಮಾಡಿದ್ದೆ. ಬೆಲ್ಟು ಬಿಗಿಯಾಗಿತ್ತು.

ಡಿಸೆಂಬರ್ 15, ಸೋಮವಾರ

ಇವತ್ತು ಗ್ವೆಂಡಾ ಬೈಯಲಿಲ್ಲ. ಒಂದು ಬೈಗುಳವೂ ಇಲ್ಲ. ಆಂಬುಲೆನ್ಸ್ ಎಂದೆ, ತಲೆ ಅಲ್ಲಾಡಿಸಿದಳು, ಕಣ್ಣಲ್ಲಿ ನೀರು ಬಂತು. ನಾಳೆ ಮಂಗಳವಾರ. ನನಗೊಂದು ಉಪಾಯ ಹೊಳೆದಿದೆ.

ಡಿಸೆಂಬರ್ 17, ಬುಧವಾರ. ಲಾನ್ಸೆಸ್ಟನ್, ಆಸ್ಪತ್ರೆ

ನಿನ್ನೆ ಬರೆಯಲಾಗಲಿಲ್ಲ. ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಉಪಾಯ ಇದು: ಅವಳ ಹೆಸರೆತ್ತದೆ, ಅವಳ ಕಾಯಿಲೆಯನ್ನೆಲ್ಲ ನನ್ನದೆಂದೇ ಹೇಳಿ ಮಾತ್ರೆ ಗಿಟ್ಟಿಸಿಕೊಂಡು ಬರುವುದು. ನಟನೆ ನನಗೆ ಕಷ್ಟವೆನಿಸಲಿಲ್ಲ. ಸುಡುವ ಜ್ವರ, ತಲೆ ಸೀಳುವ ನೋವು, ಮೈಕೈ ನೋವು, ಊಟ ಸೇರದು ಎಂದು ಒಂದೊಂದಾಗಿ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು.

"ಈ ಸಲ ನಾಲ್ಕಾಯ್ತು," ಎಂದರು. "ಇನ್ನೇನು?"

"ಮೈಮೇಲೆ ಕೆಂಪು ಚುಕ್ಕೆ."

"ಅಂಗಿ ಬಿಚ್ಚಿ."

ಇದನ್ನು ಯೋಚಿಸಿರಲಿಲ್ಲ. ಸಿಕ್ಕಿಬಿದ್ದೆ ಎಂದುಕೊಂಡೆ. ಗುಂಡಿಗಳನ್ನು ಎಷ್ಟು ನಿಧಾನವಾಗಿ ಬಿಚ್ಚಬಹುದೋ ಅಷ್ಟು ನಿಧಾನವಾಗಿ ಬಿಚ್ಚುತ್ತ, ಚುಕ್ಕೆಗಳು ನಿನ್ನೆ ಇದ್ದವು, ಇವತ್ತು ಬೆಳಗ್ಗೆ ಹೋದವು ಎಂದು ಹೇಳಲು ಸಿದ್ಧನಾದೆ.

ಅಂಗಿ ಬಿಚ್ಚಿದೆ. ಡಾಕ್ಟರು ಕನ್ನಡಕ ಹಾಕಿಕೊಂಡರು. ಎದ್ದು ಬಂದು ನನ್ನ ಹೊಟ್ಟೆಯ ಹತ್ತಿರ ಬಗ್ಗಿದರು. ನಾನೂ ಬಗ್ಗಿ ನೋಡಿದೆ. ಎದೆಯಿಂದ ಹೊಕ್ಕುಳದವರೆಗೆ ಚುಕ್ಕೆ! ಸ್ಟ್ರಾಬೆರಿಯ ಹಾಗೆ!

"ಯಾವಾಗಿಂದ ಇದು?"

"ಅದು ನಂದಲ್ಲ ಡಾಕ್ಟ್ರೇ!" ಎಂದು ಕೂಗಿದೆ. "ಅದು ಗ್ವೆಂಡಾದು!"

ಹೀಗೆ ಕೊಟ್ಟ ಮಾತು ತಪ್ಪಿತು.

ಥರ್ಮಾಮೀಟರ್ ಇಟ್ಟರು, ನೋಡಿ ಹುಬ್ಬೇರಿಸಿದರು. ಕತ್ತು, ಕಂಕುಳು ಒತ್ತಿದರು. ಪ್ಯಾಂಟು ಮೇಲೆತ್ತಿಸಿ ಹುಡುಕಿದರು. ಮಂಡಿಯ ಹಿಂದೆ ಒಂದು ಕಪ್ಪು ಹಕ್ಕಳೆ. ಸೌದೆಯ ಚೂರು ಚುಚ್ಚಿದ್ದಿರಬೇಕು ಎಂದು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಉಣ್ಣಿ ಕಚ್ಚಿದೆ," ಎಂದರು. "ಹಲ್ಲಿ, ಹಾವುಗಳ ಮೇಲೆ ಇರೋ ಉಣ್ಣಿ. ಅದರ ಹೊಟ್ಟೇಲಿರೋ ಬ್ಯಾಕ್ಟೀರಿಯಾ ನಿಮ್ಮ ರಕ್ತಕ್ಕೆ ಬಂದಿದೆ. ಫ್ಲಿಂಡರ್ಸ್ ದ್ವೀಪದ ಚುಕ್ಕೆಜ್ವರ ಅಂತಾನೇ ಹೆಸರು. ನಿಮ್ಮೂರಿನ ಕಾಯಿಲೆ ಐವರ್."

ನಮ್ಮೂರಿನ ಹೆಸರಿಟ್ಟುಕೊಂಡ ಕಾಯಿಲೆ ನನ್ನ ಪುಸ್ತಕದಲ್ಲೇ ಇಲ್ಲ! ಇಲಿಗಳೇ ತಿಂದವೋ, ಅಪ್ಪನ ಕಾಲಕ್ಕೆ ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲವೋ.

"ಇಷ್ಟು ಜ್ವರ ಇಟ್ಕೊಂಡು ಓಡಾಡ್ತಿದೀರಲ್ಲ, ಗೊತ್ತಾಗ್ಲಿಲ್ವಾ ನಿಮಗೆ? ನಿಮಗೆ?"

"ಪುರುಸೊತ್ತಿರ್ಲಿಲ್ಲ ಡಾಕ್ಟ್ರೇ," ಎಂದೆ. "ಬೇಗ ನಡೀರಿ, ಅವಳು ಒಬ್ಳೇ ಇದಾಳೆ."

ಅವರ ಕಾರಿನಲ್ಲೇ ಹೋದೆವು. ಬಿಷಪ್ ಬಾಗಿಲಿಗೆ ಅಡ್ಡ ಮಲಗಿದ್ದ. ಡಾಕ್ಟರ ಸ್ಕರ್ಟು ನೋಡಿಯೂ ಸುಮ್ಮನೆ ಜರುಗಿ ದಾರಿಬಿಟ್ಟ. ಗ್ವೆಂಡಾ ಕಣ್ಣು ಬಿಟ್ಟು ಅವರನ್ನು ನೋಡಿದಳು, ನನ್ನನ್ನು ನೋಡಿದಳು.

"ಹೇಳ್ಬಿಟ್ಯಾ."

"ಹೇಳ್ಬೇಕಂತ ಹೇಳ್ಲಿಲ್ಲ. ಅಂಗಿ ಬಿಚ್ದೆ, ಬಾಯಿಗೆ ಬಂದ್ಬಿಡ್ತು," ಎಂದು ಅಂಗಿ ಎತ್ತಿ ತೋರಿಸಿದೆ.

ನನ್ನ ಹೊಟ್ಟೆಯನ್ನೇ ನೋಡಿದಳು. ಒಣಗಿದ ತುಟಿ ಅಲುಗಿತು. "ಅಯ್ಯೋ, ನಂದಕ್ಕಿಂತ ನಿಂದೇ ಚೆನ್ನಾಗಿ ಬಿಟ್ಟಿದೆಯಲ್ಲೋ," ಎಂದು ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ.

ಆಮೇಲೆ ನಗುವಂಥದ್ದೇನೂ ಇರಲಿಲ್ಲ. ಡಾಕ್ಟರು ಡ್ರಿಪ್ ಹಾಕಿದರು, ಮೊದಲ ಮಾತ್ರೆ ನುಂಗಿಸಿದರು. ಬೇಗ ಶುರುಮಾಡಿದ್ದರೆ ಮಾತ್ರೆಯೇ ಸಾಕಾಗುತ್ತಿತ್ತು, ಈಗ ಮೂತ್ರಪಿಂಡಕ್ಕೆ ತ್ರಾಸವಾಗಿದೆ, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು ಎಂದರು. ಪ್ಲೇನು ಎಂಬ ಮಾತು ಕೇಳಿದ್ದೇ ಗ್ವೆಂಡಾ ಬೆಂಚಿನ ಕಾಲನ್ನು ತಬ್ಬಿಕೊಂಡಳು. ಬಿಡಿಸಲು ಹೋದರೆ ಬೆಂಚೂ ಅವಳ ಜೊತೆ ಬಂತು.

"ನಾನೂ ಬರ್ತೀನಿ," ಎಂದೆ.

"ನೀನ್ ಬಂದು ಏನ್ ಮಾಡ್ತೀಯಾ?"

"ನಂಗೂ ಅದೇ ಜ್ವರ. ವಾಪಸ್ ಬಂದ್ರೆ ಇಬ್ರೂ ಬರೋಣ. ಹೋದ್ರೆ ನಾನೇ ಮೊದ್ಲು ಹೋಗ್ತೀನಿ, ನನ್ನ ಆರೋಗ್ಯ ಮೊದ್ಲಿಂದ್ಲೂ ಸರಿಯಿಲ್ಲ, ಬೇಕಾದ್ರೆ ಡಾಕ್ಟ್ರನ್ನ ಕೇಳು."

ಡಾಕ್ಟರು ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಗ್ವೆಂಡಾ ಬೆಂಚು ಬಿಟ್ಟಳು.

ಏರ್‌ಸ್ಟ್ರಿಪ್ಪಿನಲ್ಲಿ ಗಾಳಿ ಜೋರಾಗಿತ್ತು. ಟ್ರೆಂಟ್ ವಿಮಾನದ ರೆಕ್ಕೆ ಹಿಡಿದುಕೊಂಡು ಆಕಾಶವನ್ನೇ ನೋಡುತ್ತ ನಿಂತಿದ್ದ. ಸಂಜೆಯೊಳಗೆ ಗಾಳಿ ತಗ್ಗದಿದ್ದರೆ ನಾಳೆಯೇ ಎಂದ. ನಾಳೆ ಎಂದರೆ ತಡವೇ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಅವರ ಮುಖ ನೋಡಿದ್ದೆ. ಕೊನೆಗೆ ಗಾಳಿ ಒಂದಿಷ್ಟು ಉಸಿರು ತೆಗೆದುಕೊಂಡಿತು. "ಈಗ! ಈಗ್ಲೇ ಹತ್ತಿ!" ಎಂದು ಟ್ರೆಂಟ್ ಕೂಗಿದ. "ತೂಕ ಹೇಳು ಐವರ್, ಬೇಗ!"

ತಕ್ಕಡಿಗೆ ಅವಳನ್ನು ನಿಲ್ಲಿಸುವ ಸ್ಥಿತಿಯಿರಲಿಲ್ಲ. ಸ್ಟ್ರೆಚರಿನ ಪಕ್ಕ ನಿಂತು ಅಂದಾಜಿನಲ್ಲಿ ಬರೆದೆ. ಅವಳು ಒಂದು ಕಣ್ಣು ತೆರೆದು ನೋಡಿದಳು.

"ಇನ್ನೂ ಜಾಸ್ತೀನೇ ಇದೆ."

"ವಾರದಿಂದ ಏನೂ ತಿಂದಿಲ್ಲ ಅಂತ ಕಳ್ದೇ ಬರ್ದಿದೀನಿ."

ದಾರಿಯುದ್ದಕ್ಕೂ ವಿಮಾನ ಸಮುದ್ರದ ಮೇಲೆ ಎದ್ದು ಬಿದ್ದು ಹೋಯಿತು. ನನ್ನ ಹೆಬ್ಬೆರಳು ಅವಳ ಮುಷ್ಟಿಯಲ್ಲಿತ್ತು. ಬಿಳುಚಿಕೊಂಡಿತು. ಬಿಡಿಸಿಕೊಳ್ಳಬೇಕು ಅನ್ನಿಸಲಿಲ್ಲ.

"ಕೆಲ್ವಿನ್ ಪೆಟ್ಟಿಗೆ ಇಳ್ಸಿದೋನು ನೀನೇ ಅಲ್ವಾ," ಎಂದಳು.

"ಹೌದು."

"ನೀನು ಟೋಪಿ ತೆಗ್ದೆ. ಮಳೆ ಬರ್ತಿತ್ತು. ನಾನ್ ನೋಡ್ದೆ." ಹೆಬ್ಬೆರಳನ್ನು ಇನ್ನೂ ಬಿಗಿಯಾಗಿ ಹಿಡಿದಳು. "ನನ್ನನ್ನೂ ಪೆಟ್ಟಿಗೇಲಿ ತಂದ್ರೆ ತೂಗ್ಬೇಡ ಐವರ್."

"ತೂಗಲ್ಲ."

ಡಿಸೆಂಬರ್ 18, ಗುರುವಾರ

ಗ್ವೆಂಡಾಳ ಜ್ವರ ಇಳಿಯುತ್ತಿದೆ. ಬೆಳಗ್ಗೆ ಅರ್ಧ ಟೋಸ್ಟು ತಿಂದಳು. ಮಧ್ಯಾಹ್ನ ಆಸ್ಪತ್ರೆಯ ಕಸ್ಟರ್ಡನ್ನು ಗೋಡೆಗೆ ಸುಣ್ಣ ಹೊಡೆಯಲು ಬಳಸಬಹುದು ಎಂದಳು. ಬೈಗುಳ ಮರಳಿತು. ಹೊರಗೆ ಹೋಗಿ ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ.

ನರ್ಸು ಬಂದು, "ಹೇಗಿದೀರಿ ಇವತ್ತು?" ಎಂದು ಕೇಳಿದಳು. ನಿದ್ದೆ ಸರಿಯಾಗಿ ಆಗಿಲ್ಲ, ಎಡ ಮಗ್ಗುಲಿಗೆ ಮಲಗಿದರೆ ಡ್ರಿಪ್ ಎಳೆಯುತ್ತದೆ ಎಂದೆ. ಅವಳು ನನ್ನ ಕೈ ನೋಡಿ, "ನಿಮಗೆ ಡ್ರಿಪ್ಪೇ ಇಲ್ವಲ್ಲ?" ಎಂದಳು. ನಾನು ಗ್ವೆಂಡಾಳ ವಿಷಯ ಹೇಳುತ್ತಿದ್ದೆ. ಈ ದೊಡ್ಡ ಆಸ್ಪತ್ರೆಗಳಲ್ಲಿ ಗಮನವಿಟ್ಟು ಕೇಳುವುದೇ ಇಲ್ಲ.

ಡಿಸೆಂಬರ್ 20, ಶನಿವಾರ

ಮಗಳು ರೇಲೀನ್ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗು ಅಜ್ಜಿಯ ಚುಕ್ಕೆಗಳನ್ನೂ ನನ್ನ ಚುಕ್ಕೆಗಳನ್ನೂ ನೋಡಿ, ತನಗೂ ಬೇಕೆಂದು ಅತ್ತಿತು. ಗ್ವೆಂಡಾ ನರ್ಸಿನ ಕೆಂಪು ಪೆನ್ನು ಇಸಿದುಕೊಂಡು ಅದರ ಕೆನ್ನೆಯ ತುಂಬ ಚುಕ್ಕೆ ಇಟ್ಟಳು. ವಾರ್ಡಿಗೆ ಬಂದ ಹಿರಿಯ ಡಾಕ್ಟರು ಮಗುವನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಇವ್ರು ಯಾರಮ್ಮಾ?" ಎಂದು ರೇಲೀನ್ ನನ್ನ ಕಡೆ ಕೈ ಮಾಡಿ ಕೇಳಿದಳು.

"ನಮ್ಮ ಸೌದೆ ಹೊರೋನು."

ರೇಲೀನ್ ನನ್ನನ್ನು ಬಹಳ ಹೊತ್ತು ನೋಡಿದಳು. ನನ್ನ ಹೊಟ್ಟೆಯ ಚುಕ್ಕೆ ಇನ್ನೂ ಹೋಗಿಲ್ಲವಲ್ಲ, ಅದಕ್ಕಿರಬೇಕು.

ಡಿಸೆಂಬರ್ 22, ಸೋಮವಾರ

ಇಬ್ಬರೂ ವಾಪಸ್. ಇಬ್ಬರೂ ಕೂತುಕೊಂಡೇ ಬಂದೆವು. ದ್ವೀಪ ಕಂಡಾಗ ಗ್ವೆಂಡಾ ಕಿಟಕಿಗೆ ಮೂಗು ಒತ್ತಿ ಏನೋ ಹೇಳಿದಳು. ಇಂಜಿನ್ ಸದ್ದಿಗೆ ಕೇಳಿಸಲಿಲ್ಲ, ನನಗೆ ಹೇಳಿದ್ದೂ ಅಲ್ಲ ಅನ್ನಿಸಿತು.

ನೋಲಾ ಕಾರು ತಂದಿದ್ದಳು. ಬಿಷಪ್‌ನನ್ನು ಇಷ್ಟು ದಿನ ನೋಡಿಕೊಂಡವಳೂ ಅವಳೇ. ಅವಳ ಕೋಟಿಗೆ ಒಂದು ತೋಳಿರಲಿಲ್ಲ. ನನ್ನ ಕಂಡದ್ದೇ ಅಪ್ಪಿಕೊಂಡಳು. ಆಮೇಲೆ ಬೆನ್ನಿಗೊಂದು ಗುದ್ದಿದಳು.

"ಜೀವಮಾನವೆಲ್ಲ ಕಾಯಿಲೆ ಬರ್ಲಿ ಬರ್ಲಿ ಅಂತ ಬಾಗಿಲು ಕಾದೆ," ಎಂದಳು. "ಕೊನೆಗೂ ಬಂದಾಗ ಮನೇಲೇ ಇರ್ಲಿಲ್ವಲ್ಲೋ ನೀನು!"

ಡಿಸೆಂಬರ್ 25, ಗುರುವಾರ

ಗ್ವೆಂಡಾಳ ಮನೆಯಲ್ಲಿ ಕ್ರಿಸ್‌ಮಸ್ ಊಟ. ಮಾತ್ರೆ ಇನ್ನೂ ನಡೆಯುತ್ತಿದೆ. ನುಂಗಿ ತಕ್ಷಣ ಮಲಗಬಾರದು, ಹಾಲು ಜೊತೆಗೆ ಕೂಡದು, ಬಿಸಿಲಿಗೆ ಮೈ ಸುಡುತ್ತದೆ. ಹಾಗಾಗಿ ಅಂಗಳದ ಮೇಜಿಗೆ ಇಬ್ಬರೂ ಕೊಡೆಯಷ್ಟಗಲದ ಟೋಪಿ ಹಾಕಿ ಕೂತೆವು. ಮಾತಾಡಲು ತಿರುಗಿದಾಗಲೆಲ್ಲ ಟೋಪಿಗೆ ಟೋಪಿ ಡಿಕ್ಕಿ ಹೊಡೆಯುತ್ತಿತ್ತು. ಬೇರೆ ಕಡೆ ಕೂರಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

ಡಾಕ್ಟರ್ ಹಾರ್ಕಿನ್ ಬಂದಿದ್ದರು, ಈ ಸಲ ಪ್ಯಾಂಟು ಹಾಕಿಕೊಂಡು. ಹೋಗುವಾಗ ಎಲ್ಲರಿಗೂ ಮೈ ನೋಡಿಕೊಳ್ಳಿ, ಉಣ್ಣಿ ಕಂಡರೆ ಚಿಮಟದಿಂದ ಬುಡಕ್ಕೆ ಹಿಡಿದು ನೆಟ್ಟಗೆ ಎಳೆಯಿರಿ, ಎಣ್ಣೆ ಸುರಿಯಬೇಡಿ ಎಂದರು. ಎಣ್ಣೆ ಎನ್ನುವಾಗ ಗ್ವೆಂಡಾಳನ್ನು ನೋಡಿದರು. ಗ್ವೆಂಡಾ ಆಕಾಶ ನೋಡಿದಳು.

ಊಟವಾದ ಮೇಲೆ ಕಿಟಕಿಗಳನ್ನು ಪರೀಕ್ಷಿಸಿದೆ. ಒಂದರಲ್ಲೂ ಸಂದಿಯಿಲ್ಲ. ಆ ದಿನ ಗಾಳಿ ಎಲ್ಲಿಂದ ಬಂತೋ!

ಹೊರಡುವ ಹೊತ್ತಿಗೆ ನೋಲಾ ಕಾರಿನಲ್ಲಿ ಕೂತಿದ್ದಳು. ನಾನು ಜಗುಲಿಯಲ್ಲಿ ಬೂಟು ಹುಡುಕುತ್ತಿದ್ದೆ.

"ಬೂಟು ಒಳಗಿಡು," ಎಂದಳು ಗ್ವೆಂಡಾ. "ಬಿಷಪ್ ಕಚ್ಚಿಹಾಕ್ತಾನೆ."

"ಈಗ ಹಾಕ್ಕೊಂಡು ಹೊರಡ್ತೀನಲ್ಲ."

ಅವಳು ನನ್ನನ್ನೇ ದಿಟ್ಟಿಸಿದಳು. "ಐವರ್, ನೀನು ಹುಟ್ಟಿದಾಗ್ಲಿಂದ ಹಿಂಗೇನಾ? ಇಲ್ಲ, ಜ್ವರ ತಲೆಗೇರಿ ಹಿಂಗಾಯ್ತಾ?"

ತಲೆಯ ಬಗ್ಗೆ ಡಾಕ್ಟರು ಏನೂ ಹೇಳಿಲ್ಲ ಎಂದೆ. ಅವಳು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ನಾನು ಬೂಟು ಕೈಯಲ್ಲಿ ಹಿಡಿದು ನಿಂತಿದ್ದೆ. ನೋಲಾ ಹಾರ್ನ್ ಹೊಡೆದಳು, ತಲೆ ಹೊರಗೆ ಹಾಕಿ ನನ್ನನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು, ಕಾರು ಹಿಂದಕ್ಕೆ ತೆಗೆದುಕೊಂಡು ಹೊರಟೇಹೋದಳು. ನನ್ನನ್ನು ಕರೆಯಲೂ ಇಲ್ಲ! ಅವಳಿಗೆ ಆಗಾಗ ಹೀಗೆ ಏನೋ ಆಗುತ್ತದೆ.

ಬೂಟು ಒಳಗಿಟ್ಟೆ.

ಡಿಸೆಂಬರ್ 26, ಶುಕ್ರವಾರ

ಸೋಫಾದಲ್ಲಿ ಒಳ್ಳೆಯ ನಿದ್ದೆ ಬಂತು. ಎದ್ದು ನೋಡಿದರೆ ಎಡಗಾಲಿನ ಬೂಟು ಅರ್ಧ ಇರಲಿಲ್ಲ. ಬಿಷಪ್ ಮಲಗುವುದು ಮನೆಯ ಒಳಗೇ ಎಂಬುದು ಈಗ ತಿಳಿಯಿತು.

"ಒಳಗಿಟ್ರೂ ತಿಂದ್ನಲ್ಲ ಗ್ವೆಂಡಾ?"

"ತಿಂತಾನೆ ಅಂತ ಗೊತ್ತಿತ್ತು," ಎಂದಳು, ಟೀ ಸೋಸುತ್ತ.

ಒಂದೇ ಬೂಟಿನಲ್ಲಿ ಅಷ್ಟು ದೂರ ಮನೆಗೆ ನಡೆಯುವ ಹಾಗಿಲ್ಲ. ನೋಡೋಣ.